ಒಂಬತ್ತು ಸಾಲಿನ ಬಾವಿ

ಬೊರಾನದ ಕೆಂಪು ಬಯಲಿಗೆ ನಾನು ಬಂದದ್ದು
ಪಠ್ಯಪುಸ್ತಕಕ್ಕೆ ಹಾಡು ಹುಡುಕಿಕೊಂಡು.
ಜೇಬಿನಲ್ಲಿ ಎರಡು ಪೆನ್ನು, ಸರ್ಕಾರದ ಒಂದು ಪತ್ರ.
ಗೊಂಡರ್ ಕಡೆಯವನು ನಾನು; ನಮ್ಮಲ್ಲಿ ಮಂಜು
ಬೆಟ್ಟದ ಮೈಮೇಲೆ ಮಧ್ಯಾಹ್ನದವರೆಗೂ ಬಿದ್ದುಕೊಂಡಿರುತ್ತದೆ.
ನಮ್ಮ ಪದ್ಯಗಳೂ ಹಾಗೆಯೇ,
ಮೇಣ ಕರಗಿದರಷ್ಟೇ ಒಳಗಿನ ಚಿನ್ನ.
ಇಲ್ಲಿಯ ಬಿಸಿಲಿಗೆ ಏನನ್ನೂ ಅಡಗಿಸಿಡಲಾಗದು.

ಗಲ್ಗಾಲೊ ಜತ್ತಾನಿ ಜಾಲಿಯ ನೆರಳಲ್ಲಿ ಕೂತು
ತುಪ್ಪದಲ್ಲಿ ಹುರಿದ ಕಾಫಿಬೀಜ ಕೊಟ್ಟ,
ಹಾಡು ಕೊಡಲಿಲ್ಲ.
"ಕೈ ಖಾಲಿ ಇದ್ದರೆ ಬಾಯಿಗೆ ಬರುವುದಿಲ್ಲ, ಮೇಷ್ಟ್ರೇ.
ನಾಳೆ ಇಳಿಯಿರಿ."

ಇಳಿದೆ. ಅಂಗಿ ಬಿಚ್ಚಿ,
ಕನ್ನಡಕವನ್ನು ಯಾರದೋ ಮಗುವಿನ ಕೈಗೆ ಕೊಟ್ಟು.
ಒಬ್ಬರ ತಲೆಯ ಮೇಲೊಬ್ಬರು ಒಂಬತ್ತು ಜನ,
ತಳದವನ ಮುಖ ಕಾಣದು, ಕೆಮ್ಮು ಕೇಳುತ್ತದೆ.
ತೊಗಲಿನ ಬಕೆಟ್ಟು ಕೈಯಿಂದ ಕೈಗೆ ಹತ್ತಿತು.
ಒಬ್ಬೊಬ್ಬನ ಬಾಯಲ್ಲಿ ಒಂದೊಂದು ಸಾಲು:
ಹಸುವಿನ ಹೆಸರು, ಅದರ ತಾಯ ಹೆಸರು,
ಕೊಂಬಿನ ತಿರುವು, ಕಳೆದ ಸಲ ಅದು ಕುಡಿದ ದಿನ.
ಒಂಬತ್ತನೆಯ ಸಾಲಿಗೆ
ನೀರು ಬೆಳಕಿಗೆ ಬಿತ್ತು.

ನಾಲ್ಕನೆಯವನಾಗಿ ನಿಂತ ನಾನು
ಎರಡು ಸಲ ಚೆಲ್ಲಿದೆ. ಯಾರೂ ನಗಲಿಲ್ಲ, ಅದೇ ಭಯ.
ಮೂರನೆಯ ಸಲಕ್ಕೆ ತಿಳಿಯಿತು:
ಪ್ರತಿ ಸಾಲಿನ ಕೊನೆಗೆ ಒಂದು ಬಿಡುವು,
ನೀರು ಇಬ್ಬರ ಕೈಯಲ್ಲೂ ಇರುವಷ್ಟು ಹೊತ್ತು.

"ಮೊದಲು ಎಂಟೇ ಸಾಲಿತ್ತು," ಅಂದ ಗಲ್ಗಾಲೊ
ಮೇಲೆ ಬಂದು ಮೈ ಒರೆಸಿಕೊಳ್ಳುತ್ತ.
"ನನ್ನ ಮದುವೆಯ ವರ್ಷ ನೀರು ಕೆಳಗಿಳಿಯಿತು."

ಸಾಲು ಸಾಲಿನ ನಡುವೆ ಬೆರಳಗಲ ಜಾಗ ಬಿಟ್ಟು ಬರೆದೆ.
ಕಾಗದ ದುಬಾರಿ ಎಂದು ಅದೀಸಿನ ಮುದ್ರಣಾಲಯದವರು
ಜಾಗವನ್ನೆಲ್ಲ ಒತ್ತಿ ಮುಚ್ಚಿದರು.
ಪುಸ್ತಕದ ಬಾವಿ ಈಗ ಮೊಣಕಾಲುದ್ದ.

ಆ ಪುಟ ಓದಲು ಒಂದು ಬೆಳಿಗ್ಗೆ ತುಮ್ಮೆ ಎದ್ದಳು.
ಅವಳ ಊರಿಗೆ ಡೀಸೆಲ್ ಪಂಪು ಬಂದು ಆರು ವರ್ಷ,
ಬಾವಿಗೆ ಅವಳು ಇಳಿದವಳಲ್ಲ.
ಒಂದು ಸಾಲು ಓದಿ ನಿಂತುಬಿಟ್ಟಳು.
ತಡವರಿಸಿದಳೇನೋ ಎಂದು
ಮುಂದಿನ ಪದ ಹೇಳಿಕೊಡಹೋದೆ.
ಪುಸ್ತಕವನ್ನು ಬೆಂಚಿನ ಮೇಲಿಟ್ಟು
ಎರಡೂ ಕೈ ತುಸು ಮೇಲೆತ್ತಿ,
ಭಾರ ದಾಟುವವರೆಗೆ ಕಾದು
ಎರಡನೆಯದನ್ನು ಹೇಳಿದಳು.