ಟಿಕೆಟ್ಟಿನ ಬೆನ್ನಿಗೆ ಬರೆದ ಬಾಕಿ

ಅಗ್ರಹಾರ ಅಂದೆ, ಇಬ್ಬರು ಇಳಿದರು.
ನೂರೊಂದು ಗಣಪತಿ ಅಂದೆ,
ಹೂವಿನ ಕುಕ್ಕೆಯೊಂದು ಇಳಿಯಿತು, ಅದರ ಹಿಂದೆ ಅಜ್ಜಿ.
ಮುಂದಿನದಕ್ಕೆ ಬಾಯಿ ತೆರೆದೆ.
ಚಾ...
ಅಷ್ಟೆ. ಬಸ್ಸು ಹೋಗುತ್ತಲೇ ಇತ್ತು,
ನಾನು ಮಾತ್ರ ಅಲ್ಲೇ ನಿಂತೆ.
ಬಲಗೈಯಿಂದ ಮಿಷನ್ನು ಜಾರಿ
ಯಾರದೋ ಮಡಿಲಿಗೆ ಬಿತ್ತಂತೆ.

ಕೆ.ಆರ್. ಆಸ್ಪತ್ರೆಯಲ್ಲಿ ಹದಿನೆಂಟು ದಿನ.
ಲಕ್ವ ಅಂದರು ಬೀದಿಯವರು,
ಸ್ಟ್ರೋಕ್ ಅಂದರು ಬಿಳಿಕೋಟಿನವರು,
ದೃಷ್ಟಿ ಅಂದರು ಅತ್ತೆ, ಮೆಣಸಿನಕಾಯಿ ಸುಟ್ಟರು.
ನಾನು ಏನೂ ಅನ್ನಲಿಲ್ಲ.

ಒಳಗೆಲ್ಲ ಸರಿಯಾಗೇ ಇತ್ತು, ನಂಬಿದರೆ ನಂಬಿ.
ಮಾತುಗಳೆಲ್ಲ ಬಾಗಿಲಲ್ಲೇ ಜೋತುಬಿದ್ದಿದ್ದವು
ಒಂಬತ್ತು ಗಂಟೆಯ ಕಾಲೇಜು ಹುಡುಗರ ಹಾಗೆ.
ಒಳಗೆ ಹೋಗ್ರಪ್ಪ, ಇಳಿಯೋರಿಗೆ ದಾರಿ ಬಿಡ್ರಪ್ಪ!
ಯಾರು ಕೇಳುತ್ತಾರೆ?
ನೀರು ಇಳಿಯಬೇಕಾದಲ್ಲಿ ನಾಳೆ ಇಳಿಯಿತು.
ಮೇದಿನೀ ಎಂದು ಮಗಳನ್ನು ಕರೆದರೆ
ಮೆಂತ್ಯ ಎಂದು ಬಂತು.
ಅವಳು ಮೆಂತ್ಯಕ್ಕೇ ಓಗೊಟ್ಟಳು. ಈಗಲೂ ಓಗೊಡುತ್ತಾಳೆ.

ಮೊದಲು ಸ್ಪಷ್ಟವಾಗಿ ಬಂದದ್ದು ಒಂದು ಬೈಗುಳ.
ಚೊಂಬು ಕಾಲ ಮೇಲೆ ಬಿದ್ದಾಗ,
ಡಿಪೋದಲ್ಲಿ ಇಪ್ಪತ್ತು ವರ್ಷ ಕಲಿತದ್ದು
ಒಂದಕ್ಷರವೂ ಸವೆಯದೆ ಬಂತು.
ಅತ್ತೆ ಬೆಟ್ಟದ ಕಡೆ ತಿರುಗಿ ಕೈಮುಗಿದರು.

ಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗಿನಲ್ಲಿ
ಕೇರಳದ ಹುಡುಗಿ ಜಿನ್ಸಿ
ಚಿತ್ರ ಹಿಡಿದು ಕೇಳುತ್ತಾಳೆ, ಇದು ಏನು ಹೇಳಿ ಅಮ್ಮಾ?
ಅವಳ ಕನ್ನಡಕ್ಕೆ ಆರು ತಿಂಗಳು, ನನ್ನದಕ್ಕೆ ಮೂರು.
ನಾನು ತಡಕುತ್ತೇನೆ.
ಬಾಜಣಿಗೆ, ಎಂದು ಅವಳೇ ಕೊಡುತ್ತಾಳೆ.
ತಪ್ಪೆಂದು ಗೊತ್ತು, ಸರಿಯಾದದ್ದು ಬರುವುದಿಲ್ಲ,
ತಲೆಯಾಡಿಸುತ್ತೇನೆ. ಅವಳು ಮತ್ತೆ ಹೇಳುತ್ತಾಳೆ.
ಒಂದು ಬಾಚಣಿಗೆಗೆ ಇಬ್ಬರು, ಮಧ್ಯಾಹ್ನವಿಡೀ.

ಎಣಿಸಿ ಎಂದರೆ ಒಂದರಿಂದ ಓಡುತ್ತೇನೆ.
ನಡುವಿನ ಸ್ಟಾಪಿನಲ್ಲಿ ಹತ್ತಲು ಬರುವುದಿಲ್ಲ.

ಕೋಟು ಈಗಲೂ ತೊಡುತ್ತೇನೆ.
ಮೊದಲು ಬಲತೋಳು, ಮಲಗಿದ ಮಗುವಿಗೆ ತೊಡಿಸಿದ ಹಾಗೆ,
ಆಮೇಲೆ ಎಡ.
ಜೇಬಿನಲ್ಲಿ ಆವತ್ತಿನ ವಿಶಲ್ಲಿದೆ,
ಊದಿದರೆ ಅರ್ಧ ಬಾಯಲ್ಲಿ ಗಾಳಿ ಸೋರುತ್ತದೆ.
ಎದೆಯ ಬಿಲ್ಲೆಯಲ್ಲಿ ಹೆಸರಿದೆ, ಎಸ್. ಶಿವನಂಜಮ್ಮ.
ಕೇಳಿದವರಿಗೆ ಬೆರಳಿಟ್ಟು ತೋರಿಸುತ್ತೇನೆ.

ಲೈಟ್ ಡ್ಯೂಟಿ ಕೊಟ್ಟಿದ್ದಾರೆ. ಡಿಪೋದ ಹಿಂದಿನ ಕೋಣೆ.
ಬಸ್ಸಿನಲ್ಲಿ ಬಿಟ್ಟುಹೋದದ್ದಕ್ಕೆಲ್ಲ ನಾನು ಕಾವಲು:
ಟಿಫಿನ್ ಡಬ್ಬಿ, ಒಂಟಿ ಚಪ್ಪಲಿ, ಎಕ್ಸ್‌-ರೇ ಕವರು,
ಯಾರದೋ ಒಂದು ಹಲ್ಲಿನ ಸೆಟ್ಟೂ.
ಒಂದರ ಹೆಸರೂ ನನ್ನ ನಾಲಿಗೆಯಲ್ಲಿಲ್ಲ.
ಹುಡುಕಿ ಬಂದವರೂ ಹಾಗೇ,
ಅದೇ ಕಣಮ್ಮ, ಇಷ್ಟುದ್ದ, ನೀಲಿ, ಅದೂ... ಅದೂ...
ಕಾಯುತ್ತೇನೆ.
ಕಾಯುವುದು ನನಗೀಗ ಚೆನ್ನಾಗಿ ಬರುತ್ತದೆ.

ಮೊನ್ನೆ ಒಬ್ಬರು ಬಂದರು, ಬಗಲಲ್ಲಿ ಛತ್ರಿ.
ಏನೂ ಕಳೆದಿರಲಿಲ್ಲ ಅವರದು.
ಪರ್ಸಿನಿಂದ ಟಿಕೆಟ್ಟೊಂದನ್ನು ತೆಗೆದು ಬಿಡಿಸಿಟ್ಟರು.
ಮಿಷನ್ನಿನ ಅಚ್ಚೆಲ್ಲ ಮಾಸಿ ಬರೀ ಬಿಳಿ.
ಬೆನ್ನಿಗೆ ಪೆನ್ನಿನ ನಾಲ್ಕು, ಸುತ್ತ ಒಂದು ಸೊನ್ನೆ:
ನನ್ನ ಬಲಗೈಯದು, ಬಾಲ ಉದ್ದ ಎಳೆದ ನಾಲ್ಕು.
ಅವತ್ತು ಚಿಲ್ಲರೆ ಇಸ್ಕೊಳ್ಳೋಕಾಗ್ಲಿಲ್ಲ, ಅಂದರು.
ದುಡ್ಡಿಗಲ್ಲ ಕಣಮ್ಮ. ಹೆಂಗಿದ್ದೀರೋ ನೋಡೋಣ ಅಂತ.

ಒಂದು, ಎರಡು, ಮೂರು ಎಂದು ಮೆಲ್ಲಗೆ ಹತ್ತಿ
ನಾಲ್ಕರಲ್ಲಿ ನಿಂತೆ, ಉಸಿರು ಬಿಗಿಹಿಡಿದು.
ಎಡಗೈಯಲ್ಲಿ ನಾಣ್ಯ ಇಟ್ಟೆ.
ಕೊಟ್ಟ ಮೇಲೆ ಅಂಕಿಗೆ ಗೀಟೆಳೆಯಬೇಕು, ಅದು ರೂಢಿ.
ಪೆನ್ನು ಹಿಡಿದೆ. ಎಳೆಯಲಿಲ್ಲ.
ಟಿಕೆಟ್ಟು ಮಡಿಸಿ ಜೇಬಿಗಿಟ್ಟೆ, ವಿಶಲ್ಲಿನ ಪಕ್ಕ.

ಅವರು ಹೊರಟರು. ಛತ್ರಿ ಕುರ್ಚಿಗೆ ಒರಗಿಯೇ ಇತ್ತು.
ಗೇಟಿನ ತನಕ ಓಡಲು ಈ ಕಾಲು ಒಪ್ಪದು.
ಕರೆಯಬೇಕು. ಛತ್ರಿಯನ್ನು ಎತ್ತಿ ಹಿಡಿದೆ.
ಮಾತು ಬಾಗಿಲಿಗೆ ಬಂತು, ನೂಕಿತು,
ಯಾರ ಕಾಲನ್ನೋ ತುಳಿದು ಹೊರಗೆ ಹಾರಿತು,
ಡಿಪೋ ಪೂರಾ ಕೇಳುವ ಹಾಗೆ, ಹಳೆಯ ರಾಗದಲ್ಲೇ:
ಚಾಮುಂಡಿಪುರಾ! ಚಾಮುಂಡಿಪುರ ಯಾರ್ರೀ!

ಗ್ಯಾರೇಜಿನ ಸುತ್ತಿಗೆ ನಿಂತಿತು.
ಅವರು ತಿರುಗಿದರು, ನನ್ನ ಕೈಯ ಕಡೆ ನೋಡಿದರು,
ಇಳಿಯುವವರ ಅವಸರದಲ್ಲಿ ವಾಪಸು ಬಂದರು.