ಎರಡೆಲೆ

ನೋಟು ಎಣಿಸುವ ಯಂತ್ರ ಬಂದ ವರ್ಷ
ನನ್ನ ಬೆರಳುಗಳಿಗೆ ಕೆಲಸ ಹೋಯಿತು. ನನಗಲ್ಲ.
ಸಂಬಳ ಬರುತ್ತಿತ್ತು, ಕ್ಯಾಶ್ ಕೌಂಟರಿನ ಜಾಲರಿ ಹಿಂದೆ
ಸ್ಟೂಲೂ ಇತ್ತು. ಹೆಬ್ಬೆರಳು ಮಾತ್ರ
ಒದ್ದೆ ಸ್ಪಂಜು ಹುಡುಕುತ್ತಿತ್ತು, ನಿದ್ದೆಯಲ್ಲೂ.

ಅದಕ್ಕೇ ಇಸ್ಪೀಟು ಹಿಡಿದೆ. ಜೂಜಿಗಲ್ಲ, ಆಣೆಗೂ.
ಮೇಲಿನ ಎಲೆ ಒಂದೇ ಅನ್ನಿಸಿ ಎರಡು ಎತ್ತುವ
ಒಂದೇ ಒಂದು ಕೈಚಳಕಕ್ಕೆ.
ನಲವತ್ತಾರರಲ್ಲಿ ಶುರು.
ಅತ್ತೆ ಬೀದಿ ಬಾಗಿಲು ಹಾಕಿಕೊಂಡು ಬಂದರು.

ಮೊದಲು ಫೋನು.
ಅದರಲ್ಲಿ ಸಾವಿರ ಜೊತೆ ಕೈ, ಒಂದಕ್ಕೂ ಮುಖವಿಲ್ಲ.
ವೇಗ ಕಾಲು ಭಾಗಕ್ಕಿಳಿಸಿ ನೋಡಿದೆ;
ಅವರು ನಿಧಾನವಾಗಿ ಮೋಸಮಾಡಿದರು, ಅಷ್ಟೆ.
ಒಂದು ಕಲಿಯುವಷ್ಟರಲ್ಲಿ ಇನ್ನೊಂದು ಬಾ ಅನ್ನುತ್ತದೆ,
ಎಲೆಗೆ ಅನ್ನ ಬೀಳುವ ಮೊದಲೇ
ಹಪ್ಪಳದವನು ಮುಂದಿನ ಪಂಕ್ತಿಯಲ್ಲಿ.
ಮೂರು ತಿಂಗಳಿಗೆ ನಲವತ್ತು ಚಳಕ ಗೊತ್ತಿತ್ತು,
ಒಂದೂ ಬರುತ್ತಿರಲಿಲ್ಲ.

ಆಮೇಲೆ ಪುಸ್ತಕ.
ಬಿ.ಎಂ. ರಸ್ತೆಯ ಹಳೇ ಪುಸ್ತಕದಂಗಡಿ, ಸಿಇಟಿ ಗೈಡುಗಳ ಅಡಿ,
ರಟ್ಟಿಲ್ಲ, ನೂರ ಹತ್ತು ರೂಪಾಯಿ.
ಪೂರಾ ಇಂಗ್ಲಿಷು. ಚಿತ್ರಗಳಿಗೆ ಬಾಣದ ಗುರುತು,
ಕಿರುಬೆರಳಿಗೇ ಒಂದು ಪುಟ.
ಪುಸ್ತಕ ಕಾಯುತ್ತದೆ, ಅದರ ದೊಡ್ಡ ಗುಣ ಅದು.
ಮೂವತ್ತೊಂದನೇ ಪುಟದ ಮೇಲೆ ಅರಿಶಿನದ ಕೈ,
ಸಾರು ಕುದಿಯುವ ತನಕ
ಒಂದೇ ಸಾಲು, ಐವತ್ತು ಸಲ.
ಆದರೆ ತಪ್ಪಾಯಿತು ಅನ್ನಲು ಅದಕ್ಕೆ ಬಾಯಿಲ್ಲ.
ಆರು ವಾರ ನಾನು ತಪ್ಪನ್ನೇ ನಯವಾಗಿ ಕಲಿತೆ.

ಪೆನ್ಶನ್ ಮೊಹಲ್ಲಾದ ಇನಾಯತ್ ಸಾಹೇಬರಲ್ಲಿಗೆ ಹೋದೆ.
ಒಂದು ಕಾಲಕ್ಕೆ ಸ್ಕೂಲು ಸ್ಕೂಲು ತಿರುಗಿ
ಟೋಪಿಯಿಂದ ಪಾರಿವಾಳ ತೆಗೆದವರು, ಈಗ ಕೊಡೆ ರಿಪೇರಿ.
ನನ್ನ ಕೈ ನೋಡಿದರು, ಮುಖ ನೋಡಲಿಲ್ಲ.
"ನನ್ನ ಬೆರಳು ಉದ್ದ, ನಿಮ್ಮದು ಮೊಟಕು.
ನನ್ನಿಂದ ಕಲಿತರೆ ನನ್ನ ರೋಗ ನಿಮಗೆ.
ಕನ್ನಡಿನೂ ಬೇಡ ಮೇಡಂ, ಕನ್ನಡಿಗೆ ನೀವಂದ್ರೆ ಪ್ರೀತಿ.
ನಿಮ್ಮನ್ನ ನಂಬದೋರು ಯಾರಾದ್ರೂ ಇದ್ದಾರಾ?
ಅವರ ಮುಂದೆ ಮಾಡಿ."
ಚಹಾ ಕೊಟ್ಟರು. ಫೀಸು ಮುಟ್ಟಲಿಲ್ಲ.
ಮುರಿದ ಕೊಡೆ ಇದ್ದರೆ ತನ್ನಿ ಅಂದರು.

ನಂಬದವರು!
ಕಟ್ಟಿನಕೆರೆ ಮಾರ್ಕೆಟ್ಟಿನ ವೀಳ್ಯದೆಲೆ ದ್ಯಾವೀರಮ್ಮ.
ವಾರಕ್ಕೊಮ್ಮೆ ಬಂದು, ಯಂತ್ರ ಎಣಿಸಿದ್ದನ್ನು
ನನ್ನ ಕೈಲಿ ಎಣಿಸಿ, ನಾನು ಎಣಿಸಿದ್ದನ್ನು
ತಾನು ಎಣಿಸಿ, ಹೊರಗೆ ಮೆಟ್ಟಿಲ ಮೇಲೆ ಕೂತು ಇನ್ನೊಮ್ಮೆ.
ಹತ್ತೊಂಬತ್ತು ವರ್ಷ.
ಆ ಕಣ್ಣು ನನ್ನ ಕೈ ಬಿಟ್ಟು ಕದಲಿದ್ದು ಕಾಣೆ.

ಗುರುವಾರ ಸಂಜೆ ಅವಳ ಒದ್ದೆ ಗೋಣಿಯ ಪಕ್ಕ
ಕುಕ್ಕರಗಾಲಲ್ಲಿ ಕೂತು
ಆಟೀನು ರಾಣಿ ತೋರಿಸಿದೆ, ಕವುಚಿದೆ,
ಮೇಲಿನೆಲೆ ಎಳೆದು ತಿರುಗಿಸಿದೆ: ಕಳಾವರ್ ಏಳು.
ಹೂವಿನ ಹುಡುಗ ಅಯ್ಯಯ್ಯೋ ಅಂದ.
ಅವಳು ಎಲೆ ಒರೆಸುತ್ತಲೇ,
"ಎಲ್ಡೆತ್ತಿದ್ಯಲ್ಲವ್ವ."

ಹೆಂಗೆ ಗೊತ್ತಾಯ್ತು?
"ಒಂದೆತ್ತೋರು ಉಸ್ರು ಹಿಡಿಯಲ್ಲ."

ಆಮೇಲೆ ತನ್ನ ಕಟ್ಟು ಬಿಚ್ಚಿ ಎಣಿಸಿದಳು.
ತೋಟದವನಿಂದ ಕೊಳ್ಳುವಾಗ ಎರಡು ಒಂದಾಗುತ್ತದೆ,
ಗಿರಾಕಿಗೆ ಮಾರುವಾಗ ಒಂದು ಎರಡಾಗುತ್ತದೆ.
ಹೆಬ್ಬೆರಳು ಎಲ್ಲೂ ಒತ್ತಲಿಲ್ಲ, ತಡೆಯಲಿಲ್ಲ,
ಬಾಯಲ್ಲಿ ಮೊಮ್ಮಗಳ ಜ್ವರದ ಮಾತು.
"ನಾ ಮಾಡ್ದೋಳಲ್ಲ ಕಣವ್ವ, ಮಾಡೋರ ಕಂಡೋಳು."

ಫೋನಿನಲ್ಲಿ ಕೂಡಿಟ್ಟ ಕೈಗಳನ್ನೆಲ್ಲ ಅಳಿಸಿದ್ದೇನೆ.
ಪುಸ್ತಕದ ಒಂದು ಪುಟ ಸಾಕು ಈ ವರ್ಷಕ್ಕೆ;
ಗುರುವಾರ ಗುರುವಾರ ಗೋಣಿಯ ಪಕ್ಕ ಪರೀಕ್ಷೆ,
ಇಲ್ಲಿಯವರೆಗೆ ಹನ್ನೊಂದು ಸಲ ಫೇಲು.
ಫೀಸು ಅಂತ ಪ್ರತಿ ಸಲ ಒಂದು ಕಟ್ಟು ಎಲೆ ಕೊಳ್ಳುತ್ತೇನೆ,
ಮನೆಯಲ್ಲಿ ಯಾರೂ ಹಾಕುವುದಿಲ್ಲ.
ನಿನ್ನೆಯ ಕಟ್ಟನ್ನು ಎರಡು ಸಲ ಎಣಿಸಿದೆ:
ಒಂದು ಸಲ ನೂರು,
ಒಂದು ಸಲ ತೊಂಬತ್ತೊಂಬತ್ತು.