ಕೊನೆಯ ಅಂಕಿ

ಜಿ ನಲವತ್ಮೂರು, ಚುಕ್ಕೆ, ಬಿ.
ಅಲ್ಲಿಗೆ ಬಂದು ನಿಂತಿದೆ ಬೆರಳು.
ಮದ್ದಿಗೆ ಬಗ್ಗಿದರೆ ಸೊನ್ನೆ, ಬಗ್ಗದಿದ್ದರೆ ಒಂದು.
ಡಾಕ್ಟರು ಗೀಚಿದ್ದು ಇಷ್ಟೇ: ಅರೆತಲೆನೋವು,
ಎಡರೆಪ್ಪೆ ಜೋತಿದೆ, ಕಣ್ಗುಡ್ಡೆ ಹೊರಳುತ್ತಿಲ್ಲ.

ಖಾಜಾಬಿ, ಮೂವತ್ತಾರು, ಬಳ್ಳಾರಿ ಕೌಲ್‌ಬಜಾರು,
ಜೀನ್ಸ್ ಹೊಲಿಗೆ. ಉಗುರಿನ ಸಂದಿಗೆಲ್ಲ ನೀಲಿ.
ಮೊನ್ನೆ ಇದೇ ಕಿಟಕಿಯಲ್ಲಿ ಚೀಟಿ ಚಾಚಿ
"ಇಬ್ರು ಕುಂತೀರಲ್ಲಮ್ಮ, ಯಾರ ಕೈಗೆ ಕೊಡ್ಲಿ?" ಅಂದಳು.
ಇದ್ದದ್ದು ನಾನೊಬ್ಬಳೇ.
ಐದು ವರ್ಷದ ಗುಳಿಗೆಗಳ ಖಾಲಿ ಪಟ್ಟಿಗಳು
ಅವಳ ಕ್ಯಾರಿಬ್ಯಾಗಿನಲ್ಲಿ ಪರಪರ ಅನ್ನುತ್ತಿದ್ದವು.

ಫೈಲಿನಲ್ಲಿ ಇಲ್ಲದ್ದು ನಡೆದೇ ಇಲ್ಲ,
ಇದು ನಮ್ಮ ಕಸುಬಿನ ಮೊದಲ ಪಾಠ.
ಆ ಪರಪರವನ್ನು ಯಾವ ಕಾಲಮ್ಮಿಗೆ ತುಂಬಲಿ?
ಕೆಂಪು ಚೀಟಿ ಅಂಟಿಸಿ ಮೇಲಿನ ಮಹಡಿಗೆ ಕಳಿಸಿದೆ:
ಬಗ್ಗುತ್ತದೋ, ಇಲ್ಲವೋ?

ಸಂಜೆ ಫೈಲು ಬಂತು.
ಒಂದೇ ಸಹಿ, ಎರಡು ಕಡೆ.
ಉತ್ತರ ಇಲ್ಲ.